97 ಪರ್ಸೆಂಟ್ ಅಂದರೆ ಎಷ್ಟು?

ಪ್ರಶ್ನೆ: ನಾನು ಕಾರ್ಕಳ ಕಡೆಯವಳು. ಮಂಗಳೂರಿನಲ್ಲಿ ಎಂ.ಎಸ್ಸಿ. ಬಯೋಟೆಕ್ನಾಲಜಿ ಎರಡನೇ ವರ್ಷ. ಪ್ರಾಜೆಕ್ಟಿಗೆಂದು ಗೈಡ್ 200 ಮಲೇರಿಯಾ ಸ್ಲೈಡ್ ಕೊಟ್ಟು ಒಂದೊಂದನ್ನೂ ಓದಿ ಬರೆದಿಡಲು ಹೇಳಿದ್ದಾರೆ. ದಿನಕ್ಕೆ ಎಂಟು ಸ್ಲೈಡ್ ಮುಗಿಯುವಷ್ಟರಲ್ಲಿ ಕಣ್ಣುರಿ, ಕುತ್ತಿಗೆ ನೋವು. ಎಂಜಿನಿಯರ್ ಆಗಿರುವ ನನ್ನ ದೊಡ್ಡಪ್ಪನ ಮಗ ಒಂದು ಶನಿವಾರ-ಭಾನುವಾರ ಕೂತು, ಇಂಟರ್‌ನೆಟ್ಟಿನಲ್ಲಿ ಸಿಗುವ ಚಿತ್ರಗಳಿಂದ ಎಐ ಮಾಡೆಲ್ ಮಾಡಿದ. 97 ಪರ್ಸೆಂಟ್ ಸರಿ ಹೇಳುತ್ತದಂತೆ. "ನೀನು ಆರು ತಿಂಗಳು ಮಾಡುವುದನ್ನು ಇದು ಆರು ನಿಮಿಷದಲ್ಲಿ ಮುಗಿಸುತ್ತದೆ, ಇನ್ನು ಲ್ಯಾಬಿನವರಿಗೆ ಕೆಲಸ ಇಲ್ಲ, ನೊಬೆಲ್ ಕೂಡ ಎಐಗೇ ಬಂತಲ್ಲ" ಅಂತ ಮನೆಯಲ್ಲಿ ಎಲ್ಲರೆದುರು ಹೇಳಿದ. ಅಡಿಕೆ ತೋಟದ ದುಡ್ಡಲ್ಲಿ ಓದಿಸುತ್ತಿರುವ ಅಪ್ಪ ಈಗ "ಔಷಧ ಸಂಶೋಧನೆಯಲ್ಲಿ ಎಐ" ಎಂಬ ಆನ್‌ಲೈನ್ ಕೋರ್ಸಿಗೆ 60,000 ರೂಪಾಯಿ ಕಟ್ಟಲು ಹೊರಟಿದ್ದಾರೆ. ಹೇಳಲು ನಾಚಿಕೆಯಾಗುವ ಇನ್ನೊಂದು ವಿಷಯ: ಹಿಂದಿನ ಸಂಶೋಧನೆಗಳ ಅಧ್ಯಾಯ ಬರೆಯಲು ಚಾಟ್‌ಬಾಟ್ ಬಳಸಿದ್ದೆ. ಅದು ಕೊಟ್ಟ ಎರಡು ಪ್ರಬಂಧಗಳು ಲೋಕದಲ್ಲೇ ಇಲ್ಲ ಅಂತ ಗೈಡ್ ಹಿಡಿದರು. ನಾನು ಮೈಕ್ರೋಸ್ಕೋಪ್ ಬಿಟ್ಟು ಕಂಪ್ಯೂಟರ್ ಕಡೆ ಹೋಗಬೇಕೇ? (ಹೆಸರು ಬೇಡ)

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ಒಂದೇ, ಭಯ ಮಾತ್ರ ಎರಡು. ಮುಂದೆ ಕೆಲಸ ಸಿಗಲಿಕ್ಕಿಲ್ಲ ಎನ್ನುವುದು ಒಂದು. ಇಷ್ಟು ದಿನ ಕಣ್ಣು ಸವೆಸಿದ್ದು ದಂಡ ಎನ್ನುವುದು ಇನ್ನೊಂದು. ನಿಮ್ಮನ್ನು ಹೆಚ್ಚು ಚುಚ್ಚಿದ್ದು ಎರಡನೆಯದು ಅಂತ ನನಗೆ ಅನಿಸುತ್ತದೆ, ಅದೂ ಮನೆಮಂದಿ ಎದುರೇ ಹೇಳಿದ್ದರಿಂದ. ನಾನು ಮಂಗಳೂರಿನಲ್ಲಿ 22 ವರ್ಷ ರಕ್ತದ ಸ್ಲೈಡ್ ಓದಿದವಳು. ಈಚೆಗೆ ಇಂಥ ಮಾಡೆಲ್‌ಗಳನ್ನು ಪರೀಕ್ಷಿಸುವ ಕೆಲಸವೂ ನನ್ನ ತಲೆಗೆ ಬಿದ್ದಿದೆ. ಹಾಗಾಗಿ ನಿಮ್ಮ ಅಣ್ಣನ 97ರಿಂದಲೇ ಸುರು ಮಾಡುವ.

ಅವರು ಸುಳ್ಳು ಹೇಳಿಲ್ಲ. ಯಾವ ಚಿತ್ರ ಬಳಸಿದ್ದಾರೆಂದೂ ನಾನು ಊಹಿಸಬಲ್ಲೆ. ಮಲೇರಿಯಾ ಮಾಡೆಲ್ ಮಾಡುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಉಚಿತವಾಗಿ ಕೊಟ್ಟಿರುವ ಒಂದೇ ಸಂಗ್ರಹಕ್ಕೆ ಕೈ ಹಾಕುತ್ತಾರೆ. ಅದರಲ್ಲಿ 27,558 ಕೆಂಪು ರಕ್ತಕಣಗಳ ಬಿಡಿ ಬಿಡಿ ಚಿತ್ರಗಳಿವೆ. ಸರಿಯಾಗಿ ಅರ್ಧ ಸೋಂಕಿತ, ಅರ್ಧ ಆರೋಗ್ಯದ್ದು. ಸಿಕ್ಕು ಶುರುವಾಗುವುದೇ ಈ ಅರ್ಧರ್ಧದಲ್ಲಿ.

ಜ್ವರ ಬಂದು ಬರುವ ರೋಗಿಯ ರಕ್ತದಲ್ಲಿ ಸಾವಿರ ಕಣಕ್ಕೆ ಒಂದರಲ್ಲಿ ಪರಾವಲಂಬಿ ಇದ್ದರೆ ಅದು ಸಾಧಾರಣ ಮಲೇರಿಯಾ. ಮೈಕ್ರೋಲೀಟರಿಗೆ ಸುಮಾರು 5,000 ಪರಾವಲಂಬಿ ಎಂದ ಹಾಗೆ ಆಯಿತು. ಈಗ ಲೆಕ್ಕ ಹಾಕಿ. ಆರೋಗ್ಯದ ಕಣ ತೋರಿಸಿದಾಗ ಮಾಡೆಲ್ ನೂರಕ್ಕೆ ಮೂರು ಸಲ ತಪ್ಪುತ್ತದೆ ಎಂದಿಟ್ಟುಕೊಳ್ಳುವ. ಸಾವಿರ ಕಣದಲ್ಲಿ 30 ಕಣಕ್ಕೆ ಅದು ಸುಮ್ಮನೆ "ಸೋಂಕು" ಅನ್ನುತ್ತದೆ. ನಿಜವಾದ್ದು ಒಂದೇ ಒಂದು. ರೋಗವೇ ಇಲ್ಲದವರ ಸ್ಲೈಡಿನಲ್ಲೂ ಅದೇ 30. ಅಂದರೆ ನಿಮ್ಮ ಅಣ್ಣನ ಮಾಡೆಲ್ ನಿಮ್ಮ 200 ಸ್ಲೈಡುಗಳಲ್ಲಿ ಇನ್ನೂರಕ್ಕೂ ಮಲೇರಿಯಾ ಹಚ್ಚೀತು. ಬಿಡಿ ಕಣದ ಮೇಲೆ 97 ಬಂದದ್ದು ಸತ್ಯ. ಸ್ಲೈಡ್ ಓದುವುದು ಅಂದರೆ ಬೇರೆಯೇ ಪರೀಕ್ಷೆ.

ಇದರ ಜೊತೆ ನಮ್ಮ ಊರಿನದೇ ಒಂದು ತಿರುವಿದೆ. 1990ರ ದಶಕದಿಂದ ಕಟ್ಟಡ ಕೆಲಸದ ಜಾಗಗಳಲ್ಲಿ ನಿಂತ ನೀರು, ಟೆರೇಸಿನ ಟ್ಯಾಂಕು, ಅದರಲ್ಲಿ ಹುಟ್ಟುವ ಸ್ಟೀಫೆನ್ಸೈ ಸೊಳ್ಳೆ, ಇವೆಲ್ಲ ಸೇರಿ ಮಂಗಳೂರಿಗೆ ಮಲೇರಿಯಾದ ಹೆಸರು ತಂದಿದ್ದವು. ಈಗ ಪ್ರಕರಣಗಳು ಬಹಳ ಇಳಿದಿವೆ, ಒಳ್ಳೆಯದೇ. ಆದರೆ ನಿಜವಾದ ಪಾಸಿಟಿವ್ ಅಪರೂಪವಾದಷ್ಟೂ ಯಂತ್ರದ ಸುಳ್ಳು ಕರೆಗಳ ಪಾಲು ಏರುತ್ತದೆ. ಪಾಸಿಟಿವ್ ಸ್ಲೈಡ್ ನೋಡಿ ಪಳಗಿದ ಕಣ್ಣುಗಳೂ ಅದೇ ಹೊತ್ತಿಗೆ ಕಡಿಮೆಯಾಗುತ್ತಿವೆ. ನೀವು 200 ಸ್ಲೈಡ್ ಮುಗಿಸಿದರೆ ನಿಮ್ಮ ಬ್ಯಾಚಿನಲ್ಲಿ ಅಷ್ಟು ನೋಡಿದವರು ಇನ್ನೊಬ್ಬರು ಇರಲಿಕ್ಕಿಲ್ಲ.

ಆ ಚಿತ್ರಗಳು ಎಲ್ಲಿಯವು ಎಂಬುದನ್ನೂ ಅಣ್ಣನಿಗೆ ಕೇಳಿ. ಬಾಂಗ್ಲಾದೇಶದ ಚಿತ್ತಗಾಂಗಿನ ಆಸ್ಪತ್ರೆಯವು. 150 ಜನ ಸೋಂಕಿತರು, 50 ಜನ ಆರೋಗ್ಯವಂತರು. ಸೋಂಕೆಲ್ಲ ಫಾಲ್ಸಿಪೇರಮ್ ಜಾತಿಯದು. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ವೈವ್ಯಾಕ್ಸ್. ಎರಡೂ ಮಲೇರಿಯಾವೇ, ಆದರೆ ಮುಖ ಬೇರೆ. ಫಾಲ್ಸಿಪೇರಮ್ ಬೆಳೆಯುತ್ತಾ ಹೋದ ಹಾಗೆ ಒಳಗಿನ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿ ಅಡಗಿಕೊಳ್ಳುತ್ತದೆ. ಹಾಗಾಗಿ ಬೆರಳಿನಿಂದ ತೆಗೆದ ರಕ್ತದಲ್ಲಿ ಸಿಗುವುದು ಬಹುಪಾಲು ಎಳೆಯ, ತೆಳು ಉಂಗುರಗಳು. ವೈವ್ಯಾಕ್ಸ್ ಅಡಗುವುದಿಲ್ಲ. ಎಲ್ಲ ಹಂತಗಳೂ ಸ್ಲೈಡಿಗೆ ಬರುತ್ತವೆ. ಕಣ ಉಬ್ಬಿರುತ್ತದೆ, ಒಳಗೆ ಅಮೀಬಾದಂತೆ ಕೈಕಾಲು ಚಾಚಿದ ಆಕಾರ, ಬಣ್ಣ ಸರಿಯಾಗಿ ಹಿಡಿದರೆ ನಸುಗೆಂಪು ಶುಫ್ನರ್ ಚುಕ್ಕೆಗಳು. ಉಂಗುರ ಕಲಿತ ಮಾಡೆಲ್ ಇದನ್ನು ಎಲ್ಲಿ ಕಂಡಿದೆ?

ನಿಮ್ಮ ಅಪ್ಪನಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಶಿವಮೊಗ್ಗದಲ್ಲಿ ಕೆಂಪಡಿಕೆಯ ಸರಕು, ಬೆಟ್ಟೆ, ಗೊರಬಲು ವಿಂಗಡಿಸಿ ಪಳಗಿದ ಹುಡುಗನನ್ನು ಕರೆದುಕೊಂಡು ಬಂದು ನಿಮ್ಮ ಅಂಗಳದಲ್ಲಿ ಬಿಳಿ ಅಡಿಕೆ ಚಾಲಿಯ ಎದುರು ಕೂರಿಸಿದರೆ, ಪಟೋರ ಯಾವುದು, ಉಳ್ಳಿ ಯಾವುದು, ಕೋಕ ಯಾವುದು ಅಂತ ಆತ ಮೊದಲ ದಿನ ಎಷ್ಟು ಸರಿ ಹೇಳಿಯಾನು? ಹುಡುಗ ದಡ್ಡ ಅಂತಲ್ಲ, ಅವನು ಕಲಿತ ರಾಶಿ ಬೇರೆ. ಅಡಿಕೆಯಲ್ಲಿ ತಪ್ಪಿದರೆ ರೇಟು ಹೋಗುತ್ತದೆ. ಇಲ್ಲಿ ಜಾತಿ ತಪ್ಪಿದರೆ ಮದ್ದೇ ತಪ್ಪುತ್ತದೆ. ವೈವ್ಯಾಕ್ಸ್ ಯಕೃತ್ತಿನಲ್ಲಿ ಮಲಗಿದ್ದು ತಿಂಗಳುಗಳ ನಂತರ ಏಳುವ ಜಾತಿ. ಅದಕ್ಕೆಂದೇ 14 ದಿನದ ಪ್ರೈಮಾಕ್ವಿನ್ ಮಾತ್ರೆ ಇದೆ.

ಇನ್ನೂ ಒಂದು ಸಣ್ಣ ಮೋಸ ಇರಬಹುದು, ಮಾಡಿದವರಿಗೇ ಗೊತ್ತಾಗದ್ದು. 27,558 ಕಣ ಅಂದರೂ ಮನುಷ್ಯರು 200 ಮಾತ್ರ. ಕಣಗಳನ್ನು ಕಲಸಿ ಒಂದು ಪಾಲು ಕಲಿಕೆಗೆ, ಒಂದು ಪಾಲು ಪರೀಕ್ಷೆಗೆ ಅಂತ ಹಂಚಿದರೆ ಒಬ್ಬನೇ ರೋಗಿಯ ಕಣಗಳು ಎರಡೂ ಕಡೆ ಬೀಳುತ್ತವೆ. ಆ ಸ್ಲೈಡಿನ ಬಣ್ಣದ ಛಾಯೆಯನ್ನೇ ಮಾಡೆಲ್ ಬಾಯಿಪಾಠ ಮಾಡಿಬಿಡುತ್ತದೆ. ರೋಗಿವಾರು ಹಂಚಿ ಮತ್ತೊಮ್ಮೆ ಓಡಿಸಲು ಹೇಳಿ. 97 ಹಾಗೇ ನಿಂತರೆ ಶಹಬ್ಬಾಸ್ ಅನ್ನುವ.

ಈಗ ನಮ್ಮ ಲ್ಯಾಬಿನ ಕಥೆ. ಆಟಿ ತಿಂಗಳು, ಹೊರಗೆ ಜಡಿಮಳೆ. ಫೋನಿನ ಕ್ಯಾಮೆರಾವನ್ನು ಮೈಕ್ರೋಸ್ಕೋಪಿನ ಕಣ್ಣಿಗೆ ಕಟ್ಟಿ ಸ್ಲೈಡ್ ಓದುವ ಒಂದು ಸಾಫ್ಟ್‌ವೇರ್ ಪರೀಕ್ಷೆಗೆ ಬಂದಿತ್ತು. ಬೇಸಿಗೆಯಲ್ಲಿ ತಕ್ಕಮಟ್ಟಿಗೆ ಸರಿಯಿತ್ತು. ಆ ವಾರ ಇದ್ದಕ್ಕಿದ್ದಂತೆ ಸ್ಲೈಡ್ ಮೇಲೆ ಸ್ಲೈಡ್ ಪಾಸಿಟಿವ್. ಊರಿಗೆ ಊರೇ ಮಲೇರಿಯಾವೇ ಅಂತ ನಾವು ಗಾಬರಿ ಬಿದ್ದೆವು. ನಾವೆಲ್ಲ ಅಕ್ಕ ಎಂದು ಕರೆಯುವ ಹಿರಿಯ ಟೆಕ್ನೀಶಿಯನ್ ಒಬ್ಬರಿದ್ದರು. ಅವರು ಬಂದು ಎಣ್ಣೆ ಲೆನ್ಸಿನಡಿ ಒಂದು ಸ್ಲೈಡ್ ಇಟ್ಟು, ಫೈನ್ ಫೋಕಸಿನ ತಿರುಪನ್ನು ಅತ್ತ ಸ್ವಲ್ಪ, ಇತ್ತ ಸ್ವಲ್ಪ ತಿರುಗಿಸಿದರು. "ಇದು ಮಿಂಚುತ್ತದಲ್ಲ ಮಾರಾಯ್ರೆ, ಪ್ಯಾರಸೈಟ್ ಎಲ್ಲಿಯಾದರೂ ಮಿಂಚುವುದುಂಟೋ?" ಅಂದರು.

ನಾವು ಬಗ್ಗಿ ನೋಡಿದರೆ ಹೌದು. ಕಣದ ನಡುವೆ ಪಂಚ್ ಹೊಡೆದಂಥ ಸಣ್ಣ ಗುಂಡಿ, ಫೋಕಸ್ ಸರಿದಾಗ ಗಾಜಿನ ಚೂರಿನ ಹಾಗೆ ಹೊಳೆಯುತ್ತದೆ. ಹಸಿ ಗಾಳಿಯಲ್ಲಿ ರಕ್ತಲೇಪ ನಿಧಾನ ಒಣಗಿದಾಗ ಕಣದೊಳಗೆ ಉಳಿಯುವ ನೀರಿನ ಗುರುತು ಅದು. ಪರಾವಲಂಬಿಯಾದರೆ ಬಣ್ಣ ಹಿಡಿದಿರುತ್ತದೆ, ನೀಲಿ ಮೈ, ಕೆಂಪು ಚುಕ್ಕೆ. ಫೋಕಸ್ ತಿರುಗಿಸಿದರೆ ಮಸುಕಾಗುತ್ತದೆ ಹೊರತು ಹೊಳೆಯುವುದಿಲ್ಲ. ಸಾಫ್ಟ್‌ವೇರಿಗೆ ಸಿಗುತ್ತಿದ್ದುದು ಒಂದೇ ಫೋಕಸಿನಲ್ಲಿ ತೆಗೆದ ಒಂದು ಫೋಟೋ. ತಿರುಪು ತಿರುಗಿಸುವ ಕೈ ಅದಕ್ಕಿರಲಿಲ್ಲ. ಅಕ್ಕ ಮರುದಿನದಿಂದ ಸ್ಲೈಡ್ ಬಳಿದ ಕೂಡಲೇ ಹೇರ್ ಡ್ರೈಯರಿನ ತಣ್ಣನೆ ಗಾಳಿ ಹಿಡಿಯಲು ಸುರು ಮಾಡಿದರು. ಮಳೆ ನಿಲ್ಲದಿದ್ದರೂ ಪಾಸಿಟಿವ್‌ಗಳು ನಿಂತವು. ಕರಾವಳಿಯಲ್ಲಿ ಮಲೇರಿಯಾ ಏರುವ ಕಾಲವೂ ಇದೇ, ಸ್ಲೈಡ್ ಕೆಡುವ ಕಾಲವೂ ಇದೇ. ಆ ವಾರ ಅಕ್ಕ ರಜೆಯಲ್ಲಿದ್ದಿದ್ದರೆ ಎಷ್ಟು ಜನರಿಗೆ ಸುಮ್ಮನೆ ಮಲೇರಿಯಾ ಮಾತ್ರೆ ಹೋಗುತ್ತಿತ್ತೋ.

ಹಾಗಂತ ಎಐ ಬರೀ ಬೊಗಳೆ ಅನ್ನುವವರ ಪಕ್ಷವೂ ನನ್ನದಲ್ಲ. ನೊಬೆಲ್ ವಿಷಯಕ್ಕೆ ಬರುವ. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ, ಉಳಿದರ್ಧ ಹೊಸ ಪ್ರೋಟೀನುಗಳನ್ನು ವಿನ್ಯಾಸ ಮಾಡಿದ ಡೇವಿಡ್ ಬೇಕರ್ ಅವರಿಗೆ ಹೋಯಿತು. ಹಸಾಬಿಸ್-ಜಂಪರ್ ತಂಡದ ಆಲ್ಫಾಫೋಲ್ಡ್, ಅಮೈನೋ ಆಮ್ಲಗಳ ಸರಣಿ ಕೊಟ್ಟರೆ ಪ್ರೋಟೀನ್ ಹೇಗೆ ಮಡಚಿಕೊಳ್ಳುತ್ತದೆಂದು ಊಹಿಸುತ್ತದೆ. ಪ್ರೋಟೀನ್ ರಚನೆ ಊಹಿಸುವ 2020ರ ಸ್ಪರ್ಧೆಯಲ್ಲಿ ಅದು ತೋರಿದ ನಿಖರತೆಗೆ ಕ್ಷೇತ್ರದವರೇ ಬೆಕ್ಕಸ ಬೆರಗಾದರು. 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಊಹಿತ ರಚನೆ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ನನ್ನ ಕಾಲದಲ್ಲಿ ಒಂದು ರಚನೆಗೆ ಒಂದು ಪಿಎಚ್.ಡಿ. ಸವೆಯುತ್ತಿತ್ತು.

ಆದರೆ ಅದು ಕಲಿತದ್ದು ಯಾವುದರಿಂದ? 1971ರಲ್ಲಿ ಏಳೇ ಏಳು ರಚನೆಗಳಿಂದ ಶುರುವಾದ ಪ್ರೋಟೀನ್ ಡೇಟಾ ಬ್ಯಾಂಕಿನಿಂದ. ಐವತ್ತು ವರ್ಷ ಹರಳು ಬೆಳೆಸಿ, ಎಕ್ಸ್-ರೇ ಹಾಯಿಸಿ, ಹರಳು ಒಡೆದರೆ ಮತ್ತೆ ಬೆಳೆಸಿ ಜನ ಸೇರಿಸಿದ ಒಂದೂವರೆ ಲಕ್ಷಕ್ಕೂ ಮಿಕ್ಕ ರಚನೆಗಳು ಅಲ್ಲಿದ್ದವು. ಜಿ.ಎನ್. ರಾಮಚಂದ್ರನ್ ಮದ್ರಾಸಿನಲ್ಲಿ ಕೂತು 1963ರಲ್ಲಿ ಪ್ರಕಟಿಸಿದ ನಕ್ಷೆಯನ್ನು, ಪ್ರೋಟೀನಿನ ಬೆನ್ನೆಲುಬು ಎಷ್ಟು ಡಿಗ್ರಿ ತಿರುಗಬಹುದು, ಎಷ್ಟು ತಿರುಗಲಾರದು ಎಂಬ ಲೆಕ್ಕವನ್ನು, ಇವತ್ತಿಗೂ ಹೊಸ ರಚನೆಗಳ ತಪ್ಪು ಹಿಡಿಯಲು ಬಳಸುತ್ತಾರೆ. ಆಲ್ಫಾಫೋಲ್ಡ್‌ನಲ್ಲಿ ನನಗೆ ತುಂಬ ಹಿಡಿಸಿದ ಗುಣ ಇನ್ನೊಂದು. ರಚನೆಯ ಒಂದೊಂದು ಭಾಗಕ್ಕೂ ಅದು ತನ್ನ ಭರವಸೆಯ ಅಂಕ ತಾನೇ ಕೊಡುತ್ತದೆ. 90 ದಾಟಿದರೆ ಕಡುನೀಲಿ, 50ಕ್ಕಿಂತ ಕೆಳಗಾದರೆ ಕಿತ್ತಳೆ. ಕಿತ್ತಳೆ ಕಂಡಲ್ಲಿ ನಂಬಬೇಡ ಅಂತ ಅದೇ ಹೇಳಿದ ಹಾಗೆ. ಅಣ್ಣನ ಮಾಡೆಲ್ ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅನ್ನುತ್ತದೆಯೋ, ಕೇಳಿ ನೋಡಿ.

ಮದ್ದು ಹುಡುಕುವುದರಲ್ಲೂ ಇದೇ ಕಥೆ. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಎಐ ಮೂಲಕ ಹ್ಯಾಲಿಸಿನ್ ಎಂಬ ಆ್ಯಂಟಿಬಯಾಟಿಕ್ ಗುಣದ ವಸ್ತು ಪತ್ತೆ ಮಾಡಿದ್ದು ದೊಡ್ಡ ಸುದ್ದಿಯಾಯಿತು. ಸುದ್ದಿಯಲ್ಲಿ ಹಿಂದೆ ಬಿದ್ದ ಸಂಗತಿ ಏನೆಂದರೆ, ಮೊದಲು ಲ್ಯಾಬಿನಲ್ಲಿ 2,335 ರಾಸಾಯನಿಕಗಳನ್ನು ಒಂದೊಂದಾಗಿ ಇ. ಕೋಲಿ ಬ್ಯಾಕ್ಟೀರಿಯಾದ ಮೇಲೆ ಹಾಕಿ ಬೆಳವಣಿಗೆ ನಿಂತಿತೋ ಇಲ್ಲವೋ ಅಂತ ಅಳೆದಿದ್ದರು. ಮಾಡೆಲ್ ಓದಿದ್ದು ಆ ಪಟ್ಟಿಯನ್ನು. ಅದು ಬೆರಳು ತೋರಿಸಿದ ಮೇಲೂ ಬ್ಯಾಕ್ಟೀರಿಯಾ, ಆಮೇಲೆ ಇಲಿ, ಎಲ್ಲ ಕೈಯಲ್ಲೇ ಆಗಬೇಕಾಯಿತು. ಹುಡುಕುವ ರಾಶಿ ಚಿಕ್ಕದಾಯಿತು, ಅದು ದೊಡ್ಡ ಲಾಭವೇ. ಮೆಡಿಕಲ್ ಶಾಪಿಗೆ ಮಾತ್ರ ಹ್ಯಾಲಿಸಿನ್ ಇನ್ನೂ ಬಂದಿಲ್ಲ.

ನಿಮ್ಮ ಸ್ಲೈಡಿನ ಬೆಲೆಯೂ ಇಲ್ಲೇ ಇದೆ. ಫಾಲ್ಸಿಪೇರಮ್ ಅನ್ನು 1976ರಿಂದ ಲ್ಯಾಬಿನ ತಟ್ಟೆಯಲ್ಲಿ ಬೆಳೆಸುತ್ತಿದ್ದಾರೆ, ಬೇಕಾದಷ್ಟು ಬೆಳೆದು ಬೇಕಾದಷ್ಟು ಫೋಟೋ ತೆಗೆಯಬಹುದು. ವೈವ್ಯಾಕ್ಸ್ ಹಾಗೆ ಬಗ್ಗುವ ಪೈಕಿ ಅಲ್ಲ. ಅದಕ್ಕೆ ಆಗಷ್ಟೇ ಹುಟ್ಟಿದ ಎಳೆಯ ರಕ್ತಕಣಗಳೇ ಬೇಕು, ಲ್ಯಾಬಿನಲ್ಲಿ ಅದರ ವಂಶ ನಿರಂತರ ಮುಂದುವರಿಸಲು ಇನ್ನೂ ಆಗಿಲ್ಲ. ಹಾಗಾಗಿ ವೈವ್ಯಾಕ್ಸ್ ಬಗ್ಗೆ ಯಾವ ಮಾಡೆಲ್ ಏನು ಕಲಿಯಬೇಕಿದ್ದರೂ ನಮ್ಮಂಥ ಊರಿನ ರೋಗಿಯ ರಕ್ತವೇ ಗತಿ. ನೀವು ಹಂತವಾರು ಗುರುತಿಸಿ ಬರೆದಿಟ್ಟ 200 ಸ್ಲೈಡ್ ಅಂದರೆ ಅಣ್ಣನಿಗೆ ಇಂಟರ್‌ನೆಟ್ಟಿನಲ್ಲಿ ಸುಲಭಕ್ಕೆ ಸಿಗದ ವಸ್ತು.

ಕೆಲಸದ ಬಗ್ಗೆ ಬಣ್ಣ ಹಚ್ಚದೆ ಹೇಳುತ್ತೇನೆ. ಬರೀ ಎಣಿಸುವ ಕೆಲಸ ಕಡಿಮೆಯಾಗುತ್ತದೆ, ಆಗಲೇ ಆಗಿದೆ. ರಕ್ತಕಣ ಎಣಿಸುವುದು ಯಂತ್ರದ ಪಾಲಾಗಿ ಕಾಲವಾಯಿತು. ಡಿಎನ್‌ಎ ಸರಣಿ ಓದುವ ಯಂತ್ರಗಳ ಒಳಗೂ ಈಗ ನ್ಯೂರಲ್ ನೆಟ್‌ವರ್ಕ್ ಎಂಬ ಎಐ ಕೂತಿದೆ. ಇದು ಸಂಶಯದ್ದು, ಮೊದಲು ನೋಡಿ ಅಂತ ಸ್ಲೈಡ್ ಮುಂದೆ ಮಾಡುವ ಕೆಲಸವನ್ನು ಒಳ್ಳೆಯ ಮಾಡೆಲ್ ಚೆನ್ನಾಗಿಯೇ ಮಾಡೀತು. ಪಟ್ಟಿ ತುಂಬಿಸುವುದಷ್ಟೇ ಗೊತ್ತಿರುವವರಿಗೆ ಕಷ್ಟವಿದೆ.

ಚಾಟ್‌ಬಾಟ್ ವಿಷಯಕ್ಕೆ ಅಷ್ಟು ನಾಚಿಕೊಳ್ಳಬೇಡಿ, ನಿಮಗಿಂತ ದೊಡ್ಡವರು ಬಿದ್ದಿದ್ದಾರೆ. ಮೆಟಾ ಕಂಪನಿ 2022ರ ನವೆಂಬರಿನಲ್ಲಿ ವಿಜ್ಞಾನಕ್ಕೆಂದೇ ಗ್ಯಾಲಾಕ್ಟಿಕಾ ಎಂಬ ಮಾಡೆಲ್ ಬಿಟ್ಟು, ಇಲ್ಲದ್ದನ್ನು ಇದೆಯೆಂದು ಗಂಭೀರವಾಗಿ ಬರೆಯುತ್ತದೆಂಬ ಟೀಕೆಗೆ ಮೂರೇ ದಿನದಲ್ಲಿ ವಾಪಸ್ ತೆಗೆದುಕೊಂಡಿತು. ಇಂಥವು ಪುಸ್ತಕ ತೆರೆದು ನೋಡಿ ಹೇಳುವುದಲ್ಲ, ಈ ಪದದ ನಂತರ ಯಾವ ಪದ ಬಂದೀತು ಅಂತ ಹೊಸೆಯುವುದು. ಲೇಖಕರ ಹೆಸರು, ಪತ್ರಿಕೆ, ವರ್ಷ, ಪುಟ, ಇದರ ಅಚ್ಚು ಯಾವಾಗಲೂ ಒಂದೇ ಥರ ಇರುವುದರಿಂದ ಸುಳ್ಳು ಉಲ್ಲೇಖ ಹೊಸೆಯುವುದು ಬಹಳ ಸಲೀಸು. ಹುಡುಕಿ ತರುವ ಸೌಲಭ್ಯ ಇರುವ ಚಾಟ್‌ಬಾಟ್‌ಗಳು ಸ್ವಲ್ಪ ವಾಸಿ, ಆದರೆ ಇರುವ ಪ್ರಬಂಧಕ್ಕೆ ಅದರಲ್ಲಿಲ್ಲದ ಮಾತು ಅಂಟಿಸುವ ಚಾಳಿ ಅವಕ್ಕೂ ಉಂಟು. ವೈದ್ಯಕೀಯ ಪ್ರಬಂಧಗಳ ಆನ್‌ಲೈನ್ ಪಟ್ಟಿ ಪಬ್‌ಮೆಡ್‌ನಲ್ಲಿ ಶೀರ್ಷಿಕೆ ಹಾಕಿ, ಸಿಕ್ಕರೆ ಸಾರಾಂಶವಾದರೂ ಓದಿ, ಆಮೇಲೆ ಸೇರಿಸಿ. ವಾಕ್ಯ ತಿದ್ದಲು ಬಳಸಿದರೆ ಬಳಸಿದ್ದೇನೆ ಅಂತ ಗೈಡ್‌ಗೆ ಹೇಳಿಬಿಡಿ.

ಈಗ ಏನು ಮಾಡುವುದು? ಮೈಕ್ರೋಸ್ಕೋಪ್ ಪೂರ್ತಿ ಬಿಟ್ಟು ಕಂಪ್ಯೂಟರ್ ಕಡೆ ಹೋದರೆ ಎಂಜಿನಿಯರಿಂಗ್ ಓದಿದವರ ಜೊತೆ ಅವರ ಅಂಗಳದಲ್ಲೇ ಪೈಪೋಟಿ ಮಾಡಬೇಕು, ಎರಡು ವರ್ಷ ಹಿಂದೆ ಬಿದ್ದವಳಾಗಿ. ಗಣಿತ ನಿಮಗೆ ನಿಜಕ್ಕೂ ಇಷ್ಟವಿದ್ದರೆ ಹೋಗಿ, ಭಯಕ್ಕೆ ಹೋಗಬೇಡಿ. ಏನೂ ಬದಲಿಸದೆ ಸ್ಲೈಡ್ ಓದಿ ಥೀಸಿಸ್ ಕೊಟ್ಟರೆ ಪಾಸಾಗುತ್ತೀರಿ, ಆದರೆ ಮುಂದಿನ ಇಂಟರ್‌ವ್ಯೂನಲ್ಲಿ ಡೇಟಾ ಬಗ್ಗೆ ಕೇಳಿದಾಗ ತಡವರಿಸಬೇಕಾದೀತು. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಅಣ್ಣನ ಮಾಡೆಲನ್ನೇ ಪ್ರಾಜೆಕ್ಟಿನೊಳಗೆ ಎಳೆದು ತರುತ್ತಿದ್ದೆ. ಸ್ಲೈಡುಗಳ ಫೋಟೋ ತೆಗೆದು ಅದಕ್ಕೆ ಕೊಡಿ. ಅದರ ಉತ್ತರ ನೋಡುವ ಮೊದಲೇ ನಿಮ್ಮದು ಬರೆದು ಮುಚ್ಚಿಡಿ, ಇಲ್ಲದಿದ್ದರೆ ಯಂತ್ರ ಹೇಳಿದ್ದೇ ಕಣ್ಣಿಗೆ ಕಾಣಲು ಸುರುವಾಗುತ್ತದೆ, ನನಗೂ ಆಗಿದೆ. ಇನ್ನೊಬ್ಬರು ನಿಮ್ಮ ಉತ್ತರ ನೋಡದೆ ಅದೇ ಸ್ಲೈಡ್ ಓದಲಿ. ಭಿನ್ನವಾದದ್ದನ್ನು ಗೈಡ್ ನೋಡಲಿ. ಕಣದ ಲೆಕ್ಕ ಬೇಡ, ರೋಗಿವಾರು ಲೆಕ್ಕ ಕೊಡಿ. ಮಾಡೆಲ್ ಎಲ್ಲೆಲ್ಲಿ ಎಡವಿತು, ಅದು ಕಣದ ಮೇಲೆ ಕೂತ ಪ್ಲೇಟ್‌ಲೆಟ್ಟೋ, ಬಣ್ಣದ ಗಸಿಯೋ, ನೀರಿನ ಗುರುತೋ, ವೈವ್ಯಾಕ್ಸಿನ ಬೆಳೆದ ಹಂತವೋ ಅಂತ ವಿಂಗಡಿಸಿ. ದಪ್ಪ ಲೇಪವನ್ನು, ಅಂದರೆ ರಕ್ತದ ಹನಿಯನ್ನು ದಪ್ಪಗೆ ಬಳಿದ ಸ್ಲೈಡನ್ನು, ಇದಕ್ಕೆ ಸೇರಿಸಬೇಡಿ. ಅಲ್ಲಿ ಕೆಂಪು ಕಣ ಒಡೆದುಹೋಗಿರುತ್ತದೆ, ಬಿಡಿ ಕಣ ಕಲಿತ ಮಾಡೆಲಿಗೆ ಹಿಡಿಯಲು ಏನೂ ಇರುವುದಿಲ್ಲ. ಇದರ ಅಪಾಯ ಸಮಯ: ಕನಿಷ್ಠ ಎರಡು ತಿಂಗಳು ಹೆಚ್ಚು ಹಿಡಿಯುತ್ತದೆ. ಗೈಡ್ ಒಪ್ಪದಿದ್ದರೆ 50 ಸ್ಲೈಡಿಗೆ ಇಳಿಸಿ ಕೇಳಿ ನೋಡಿ.

ಫೋಟೋ ತೆಗೆಯುವ ಮೊದಲು ಒಂದು ಎಚ್ಚರ. ಸ್ಲೈಡಿನ ತುದಿಯಲ್ಲಿ ಪೆನ್ಸಿಲಿನಿಂದ ರೋಗಿಯ ಹೆಸರು ಅಥವಾ ಆಸ್ಪತ್ರೆ ನಂಬರ್ ಇರುತ್ತದೆ. ಅದು ಚೌಕಟ್ಟಿನೊಳಗೆ ಬರಬಾರದು. ಕಾಲೇಜಿನ ಎಥಿಕ್ಸ್ ಕಮಿಟಿಯ ಒಪ್ಪಿಗೆಯಲ್ಲಿ ಎಐ ಬಳಕೆ ಸೇರಿದೆಯೇ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲೇ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ. ಅಣ್ಣನ ಲ್ಯಾಪ್‌ಟಾಪಿಗೆ ಪೆನ್‌ಡ್ರೈವಿನಲ್ಲಿ ಸುಮ್ಮನೆ ಹಾಕಿ ಕೊಡುವ ವಸ್ತು ಇದಲ್ಲ.

60,000 ರೂಪಾಯಿ ಸದ್ಯ ಅಪ್ಪನ ಹತ್ತಿರವೇ ಇರಲಿ. ಪೈಥಾನ್ ಪ್ರೋಗ್ರಾಮಿಂಗ್ ಮತ್ತು ಸಂಖ್ಯಾಶಾಸ್ತ್ರವನ್ನು ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟೆಲ್‌ನಲ್ಲಿ ಉಚಿತವಾಗಿ ಕಲಿಯಬಹುದು, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಸಣ್ಣ ಶುಲ್ಕ. ಮೂರು ತಿಂಗಳು ಅದನ್ನು ಮಾಡಿ, ರುಚಿ ಹತ್ತಿದರೆ ದುಡ್ಡಿನ ಕೋರ್ಸ್ ಯೋಚಿಸಿ. ಆಗಲೂ ಕೆಲಸ ಗ್ಯಾರಂಟಿ ಅನ್ನುವವರಲ್ಲಿ ಸೇರಬೇಡಿ. ಕಲಿಸುವವರು ಸ್ವತಃ ಯಾವ ಡೇಟಾದ ಮೇಲೆ ಕೆಲಸ ಮಾಡಿದ್ದಾರೆ ಅಂತ ಕೇಳಿ. ಉತ್ತರ ತೇಲಿಸಿದರೆ ಫೋನ್ ಇಡಿ.

ಇನ್ನು ಕುತ್ತಿಗೆ. ದಿನಕ್ಕೆ ಎಂಟು ಸ್ಲೈಡ್ ಸಾಕು, ಅದಕ್ಕಿಂತ ಹೆಚ್ಚಾದರೆ ನನಗೂ ಕೊನೆಯವುಗಳ ಮೇಲೆ ನಂಬಿಕೆ ಇರುತ್ತಿರಲಿಲ್ಲ. ನೆಗೆಟಿವ್ ಬರೆಯುವ ಮೊದಲು ದಪ್ಪ ಲೇಪದಲ್ಲಿ ಕನಿಷ್ಠ 100 ಫೀಲ್ಡ್ (ಲೆನ್ಸಿನಲ್ಲಿ ಒಮ್ಮೆಗೆ ಕಾಣುವಷ್ಟು ಜಾಗ ಒಂದು ಫೀಲ್ಡ್) ನೋಡಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಸ್ಟೂಲನ್ನು ಎತ್ತರಿಸಿ, ಐಪೀಸ್ ನಿಮ್ಮ ಕಣ್ಣಿನ ಮಟ್ಟಕ್ಕೆ ಬರಲಿ. ಬಗ್ಗಿ ನೋಡುವುದರಿಂದಲೇ ಈ ನೋವು. ಎರಡು ಸ್ಲೈಡಿಗೊಮ್ಮೆ ಎದ್ದು ಕಿಟಕಿ ಹೊರಗೆ ದೂರದ ತೆಂಗಿನ ಮರ ನೋಡಿ ಬನ್ನಿ. ಸಂಜೆ ಹೊರಡುವಾಗ ಎಣ್ಣೆ ಲೆನ್ಸನ್ನು ಲೆನ್ಸ್ ಪೇಪರಿನಲ್ಲಿ ಒರೆಸಿ, ಸ್ಲೈಡ್ ಡಬ್ಬಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಈ ಮಳೆಗೆ ಬೂಸ್ಟು ಹಿಡಿಯಲು ವಾರ ಬೇಡ.